ಹಳೆಯ ಮಾರ್ಟಿನ್ ಗಿಟಾರು: ಕೊಳ್ಳುವವರ ಕಣ್ಣು ಪಳಗಿದ ಬಗೆ

ಹಳೆಯ ಅಕೂಸ್ಟಿಕ್ ಗಿಟಾರೊಂದನ್ನು ಕೊಳ್ಳಬೇಕೋ ಬೇಡವೋ ಎಂದು ನಿರ್ಧರಿಸುವ ವಿದ್ಯೆ ಅಷ್ಟೇನೂ ಹಳೆಯದಲ್ಲ. 1950ರ ದಶಕದವರೆಗೆ ಅಮೆರಿಕದಲ್ಲಿ ಹಳೆಯ ಗಿಟಾರೆಂದರೆ ಯಾರೋ ಬಳಸಿ ಬಿಟ್ಟ ಸಾಮಾನು. ಹೊಸದಕ್ಕಿಂತ ಅಗ್ಗ, ಅಷ್ಟೇ. ಹಳೆಯದಕ್ಕೆ ಹೊಸದಕ್ಕಿಂತ ಹೆಚ್ಚು ದುಡ್ಡು ಕೊಡಬಹುದು, ಅದೂ ಇಂತಿಂಥ ವರ್ಷದಲ್ಲಿ ತಯಾರಾದುದಕ್ಕೆ ಮಾತ್ರ ಕೊಡಬೇಕು ಎಂಬ ಲೆಕ್ಕ ಹುಟ್ಟಿದ್ದು ಆಮೇಲಿನ ಇಪ್ಪತ್ತು ವರ್ಷಗಳಲ್ಲಿ. ಆ ಲೆಕ್ಕದ ಅಳತೆಗೋಲುಗಳು ಬಹುಪಾಲು ಒಂದೇ ಕಾರ್ಖಾನೆಯ ಚರಿತ್ರೆಯಿಂದ ಬಂದವು: ಪೆನ್ಸಿಲ್ವೇನಿಯಾ ರಾಜ್ಯದ ನಜರೆತ್ ಎಂಬ ಸಣ್ಣ ಊರಿನ ಸಿ.ಎಫ್. ಮಾರ್ಟಿನ್ ಕಂಪನಿ. ಮರದ ಅಭಾವ, ಮಹಾಯುದ್ಧ, ಗಿರಾಕಿಗಳ ದೂರು, ರಿಪೇರಿಯ ಖರ್ಚು, ಹೀಗೆ ಒಂದೊಂದು ಕಾರಣಕ್ಕೆ ಆ ಕಾರ್ಖಾನೆ ಒಂದೊಂದು ಕಾಲದಲ್ಲಿ ತನ್ನ ಕೆಲಸದ ರೀತಿಯನ್ನು ಬದಲಿಸಿಕೊಂಡಿತು. ಇವತ್ತು ವಿಂಟೇಜ್ ಗಿಟಾರಿನ ಬೆಲೆ ಕಟ್ಟುವವರು ಓದುವುದು ಆ ಬದಲಾವಣೆಗಳ ದಾಖಲೆಯನ್ನೇ.

ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ 1796ರಲ್ಲಿ ಜರ್ಮನಿಯ ಸ್ಯಾಕ್ಸನಿ ಸೀಮೆಯ ಮಾರ್ಕ್‌ನಾಯ್‌ಕಿರ್ಶನ್‌ನಲ್ಲಿ ಹುಟ್ಟಿದರು. ತಂದೆ ಬಡಗಿ. ಮಗ ವಿಯೆನ್ನಾಕ್ಕೆ ಹೋಗಿ ಹೆಸರಾಂತ ಗಿಟಾರು ತಯಾರಕ ಯೋಹಾನ್ ಸ್ಟೌಫರ್ ಅವರ ಬಳಿ ಕೆಲಸ ಕಲಿತು ಬಂದರು. ಊರಿನ ಪಿಟೀಲು ತಯಾರಕರ ಸಂಘಕ್ಕೆ ಇದು ಸರಿಬರಲಿಲ್ಲ. ವಾದ್ಯ ಮಾಡುವ ಹಕ್ಕು ತಮ್ಮದು, ಮೇಜು ಬೀರು ಮಾಡುವ ಬಡಗಿಗಳು ಗಿಟಾರಿಗೆ ಕೈ ಹಾಕಬಾರದು ಎಂಬುದು ಅವರ ವಾದ. ವ್ಯಾಜ್ಯ ವರ್ಷಗಟ್ಟಲೆ ಎಳೆದಾಡಿತು. 1833ರಲ್ಲಿ ಮಾರ್ಟಿನ್ ಸಂಸಾರಸಮೇತ ನ್ಯೂಯಾರ್ಕಿಗೆ ಬಂದು ಅಂಗಡಿ ತೆರೆದರು. 1839ರ ಹೊತ್ತಿಗೆ ನಜರೆತ್‌ನಲ್ಲಿ ನೆಲೆಯಾದರು. ಕಂಪನಿ ಇಂದಿಗೂ ಅದೇ ಮನೆತನದ ಕೈಯಲ್ಲಿದೆ.

ಗಿಟಾರಿನ ಮುಂಬಲಗೆ ಎರಡೂವರೆ ಮೂರು ಮಿಲಿಮೀಟರ್ ದಪ್ಪದ ತೆಳು ಹಲಗೆ. ತಂತಿಯ ಎಳೆತಕ್ಕೆ ಅದು ಬಾಗದಿರಲೆಂದು ಒಳಗಡೆ ಮರದ ಪಟ್ಟಿಗಳನ್ನು ಅಂಟಿಸುತ್ತಾರೆ. ಸ್ಪೇನಿನ ತಯಾರಕರು ಇವನ್ನು ಬೀಸಣಿಗೆಯಂತೆ ಹರಡಿ ಕೂರಿಸುತ್ತಿದ್ದರು. ಮಾರ್ಟಿನ್ 1840ರ ದಶಕದಲ್ಲಿ ಎರಡು ಮುಖ್ಯ ಪಟ್ಟಿಗಳನ್ನು ಗುಣಾಕಾರ ಚಿಹ್ನೆಯಂತೆ ಒಂದನ್ನೊಂದು ಹಾಯುವ ಹಾಗೆ ಕೂರಿಸಿದರು. ಆಗ ಬಳಕೆಯಲ್ಲಿದ್ದದ್ದು ಕರುಳಿನ ತಂತಿ. ಅದಕ್ಕೆ ಇಷ್ಟು ಗಟ್ಟಿ ಕಟ್ಟಡದ ಅಗತ್ಯವೇನೂ ಇರಲಿಲ್ಲ. ಆದರೆ ಎಂಬತ್ತು ವರ್ಷಗಳ ನಂತರ ಉಕ್ಕಿನ ತಂತಿ ಬಂದಾಗ ಭಾರ ಹೊರಲು ಸಿದ್ಧವಾಗಿದ್ದದ್ದು ಈ ವಿನ್ಯಾಸವೇ. ಅಮೆರಿಕನ್ ಗಿಟಾರಿನ ಮುಂದಿನ ಚರಿತ್ರೆಯೆಲ್ಲ ಈ ಎರಡು ಪಟ್ಟಿಗಳ ಮೇಲೆ ನಿಂತಿದೆ ಎಂದರೆ ಅತಿಶಯವಲ್ಲ.

1898ರಲ್ಲಿ ಕಂಪನಿ ಪ್ರತಿ ಗಿಟಾರಿಗೂ ಕ್ರಮಸಂಖ್ಯೆ ಹಾಕತೊಡಗಿತು. ಅಲ್ಲಿಯವರೆಗೆ ತಯಾರಾದವು ಎಷ್ಟೆಂದು ಅಂದಾಜು ಮಾಡಿ 8000ದಿಂದ ಎಣಿಕೆ ಶುರುಮಾಡಿದರು. ನಡುವಿನ ದುಂಡು ಕಿಂಡಿಯಲ್ಲಿ ಇಣುಕಿದರೆ ನೆಕ್ಕಿನ ಬುಡದ ಮರದ ತುಂಡಿನ ಮೇಲೆ ಒತ್ತಿದ ಸಂಖ್ಯೆ ಕಾಣುತ್ತದೆ, ಅದರಿಂದ ತಯಾರಾದ ವರ್ಷ ಖಚಿತವಾಗಿ ತಿಳಿಯುತ್ತದೆ. ಅಮೆರಿಕದ ಇನ್ನೊಂದು ದೊಡ್ಡ ಕಂಪನಿ, ಆಗ ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲಿದ್ದ ಗಿಬ್ಸನ್, ಇಂಥ ಶಿಸ್ತನ್ನು ಪಾಲಿಸಲಿಲ್ಲ. ಅದರ ಅಕೂಸ್ಟಿಕ್ ಗಿಟಾರುಗಳ ಸಂಖ್ಯೆಗಳು ಕೆಲವು ಕಾಲ ಇದ್ದವು, ಕೆಲವು ಕಾಲ ಇರಲಿಲ್ಲ, ಕೆಲವೆಡೆ ಮರುಕಳಿಸಿದವು. ಹಾಗಾಗಿ ಗಿಬ್ಸನ್ ಗಿಟಾರಿನ ವಯಸ್ಸನ್ನು ಅಂಗಾಂಗ ನೋಡಿ ಊಹಿಸಬೇಕು. ಮಾರ್ಟಿನ್ ಗಿಟಾರಿನದನ್ನು ಓದಿ ತಿಳಿಯಬಹುದು. ವಿಂಟೇಜ್ ಮಾರುಕಟ್ಟೆ ಮೊದಲು ಮಾರ್ಟಿನ್ ಸುತ್ತ ಬೆಳೆದದ್ದಕ್ಕೆ ನಾದದಷ್ಟೇ ಈ ಲೆಕ್ಕಪತ್ರವೂ ಕಾರಣ.

1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಪನಾಮ-ಪೆಸಿಫಿಕ್ ಮಹಾಪ್ರದರ್ಶನದಲ್ಲಿ ಹವಾಯಿ ದ್ವೀಪಗಳ ವಾದಕರು ನುಡಿಸಿದ್ದೇ ದೇಶದ ತುಂಬ ಹವಾಯಿ ಸಂಗೀತದ ಹುಚ್ಚು ಹಬ್ಬಿತು. ಅವರು ಬಳಸುತ್ತಿದ್ದದ್ದು ಉಕ್ಕಿನ ತಂತಿ. ಮಾರ್ಟಿನ್ ಕಂಪನಿ 1922ರಲ್ಲಿ 2-17 ಎಂಬ ಸಣ್ಣ ಮಹಾಗನಿ ಗಿಟಾರನ್ನು ಉಕ್ಕಿನ ತಂತಿಗೆಂದೇ ತಯಾರಿಸಿ ಮಾರಿತು. ದಶಕ ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲ ಮಾದರಿಗಳೂ ಉಕ್ಕಿಗೆ ಹೊರಳಿದವು. ಆರು ಉಕ್ಕಿನ ತಂತಿಗಳನ್ನು ಶ್ರುತಿಗೆ ಬಿಗಿದಾಗ ಒಟ್ಟು ಎಳೆತ 70 ಕಿಲೋ ಮೀರುತ್ತದೆ. ಇಷ್ಟು ಎಳೆತವನ್ನು ಹಗಲಿರುಳು ಹೊತ್ತು ನಿಲ್ಲಬೇಕಾದರೆ ಹಲಗೆ, ಪಟ್ಟಿಗಳು ದಪ್ಪಗಿರಬೇಕು. ದಪ್ಪಗಾದಷ್ಟೂ ಅವು ಕಂಪಿಸಲಾರವು, ನಾದ ಕುಗ್ಗುತ್ತದೆ. ತೆಳುಮಾಡಿದರೆ ನಾದ ಅರಳುತ್ತದೆ, ಆದರೆ ಮರ ಉಬ್ಬುತ್ತದೆ, ಅಂಟು ಬಿಡುತ್ತದೆ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕೆಂಬುದೇ ಉಕ್ಕಿನ ತಂತಿಯ ಗಿಟಾರು ಮಾಡುವವರ ಮುಂದಿರುವ ಮೂಲ ಪ್ರಶ್ನೆ.

1930ರ ದಶಕದ ಮಾರ್ಟಿನ್ ಕೆಲಸಗಾರರು ನಿಂತ ಜಾಗವೇ ಮುಂದೆ ಎಲ್ಲರಿಗೂ ಮಾದರಿಯಾಯಿತು. 1929ರಲ್ಲಿ ಅಟ್ಲಾಂಟಾದ ಬ್ಯಾಂಜೊ ವಾದಕ ಪೆರ್ರಿ ಬೆಕ್ಟೆಲ್ ಅವರ ಕೋರಿಕೆಯ ಮೇಲೆ, ಒಡಲು ಶುರುವಾಗುವ ಮುನ್ನ ಹನ್ನೆರಡರ ಬದಲು ಹದಿನಾಲ್ಕು ಫ್ರೆಟ್ ಬರುವಂತೆ ಗಿಟಾರು ಮಾಡಿದರು. ಒಎಂ ಎಂಬ ಈ ಮಾದರಿಯಿಂದ ನೆಕ್ಕು ಉದ್ದವಾಯಿತು, ಕೈ ಎತ್ತರದ ಸ್ವರಗಳಿಗೆ ಸಲೀಸಾಗಿ ಎಟುಕಿತು. ಮತ್ತೊಂದೆಡೆ ಬ್ರಿಟಿಷ್ ಯುದ್ಧನೌಕೆಯ ಹೆಸರು ಹೊತ್ತ ಡ್ರೆಡ್‌ನಾಟ್ ಎಂಬ ದಪ್ಪ ಒಡಲಿನ ಗಿಟಾರು. ಇದನ್ನು 1916ರಲ್ಲಿ ಮಾರ್ಟಿನ್ ಬೇರೊಂದು ಕಂಪನಿಗಾಗಿ, ಡಿಟ್ಸನ್ ಹೆಸರಿನಲ್ಲಿ ಮಾಡಿಕೊಟ್ಟಿತ್ತು. 1931ರಲ್ಲಿ ತನ್ನದೇ ಹೆಸರಿನಲ್ಲಿ ಹೊರತಂದಿತು. ಮಹಾಗನಿಯ ಒಡಲಿನದು ಡಿ-18, ಬೀಟೆಯ ಒಡಲಿನದು ಡಿ-28. ಚಿಪ್ಪಿನ ಕುಸುರಿ ತುಂಬಿದ ಡಿ-45 ಮೊದಲು ತಯಾರಾದದ್ದು 1933ರಲ್ಲಿ, ಹಾಡುವ ಕೌಬಾಯ್ ಜೀನ್ ಆಟ್ರಿ ಅವರಿಗಾಗಿ. ಯುದ್ಧದ ಕಾರಣ 1942ರಲ್ಲಿ ನಿಲ್ಲುವ ಮುನ್ನ ತಯಾರಾದ ಡಿ-45ಗಳು ಬರೀ 91.

ಈ ಗಿಟಾರುಗಳ ಮುಂಬಲಗೆಗೆ ಅಮೆರಿಕದ ಈಶಾನ್ಯ ಬೆಟ್ಟಗಳ ಕೆಂಪು ಸ್ಪ್ರೂಸ್ ಮರ. ಒಳಗಿನ ಪಟ್ಟಿಗಳನ್ನು ಉಳಿಯಿಂದ ಅಲ್ಲಲ್ಲಿ ಕೆತ್ತಿ, ನಡುವೆ ತಗ್ಗು ಮಾಡಿ ಹಗುರಗೊಳಿಸುತ್ತಿದ್ದರು. ಸುಮಾರು 1938-39ರವರೆಗೆ ಡ್ರೆಡ್‌ನಾಟ್‌ಗಳಲ್ಲಿ ಪಟ್ಟಿಗಳು ಕೂಡುವ ಬಿಂದು ಕಿಂಡಿಗೆ ಹತ್ತಿರ, ಸುಮಾರು ಎರಡೂವರೆ ಸೆಂಟಿಮೀಟರ್ ದೂರದಲ್ಲಿತ್ತು. ತಂತಿಗಳ ಬುಡವನ್ನು ಹಿಡಿದಿಡುವ ಬ್ರಿಜ್ಜಿನ ಸುತ್ತ ಹಲಗೆಗೆ ಅಷ್ಟರ ಮಟ್ಟಿಗೆ ಬಿಡುಬೀಸು. ಆಮೇಲೆ ಅದನ್ನು ಹಿಂದಕ್ಕೆ ಸರಿಸಿದರು. 1944ರ ಕೊನೆಯಲ್ಲಿ ಪಟ್ಟಿಗಳನ್ನು ಕೆತ್ತಿ ತಗ್ಗಿಸುವುದನ್ನೇ ಬಿಟ್ಟರು. ಗಿರಾಕಿಗಳು ಕಂಪನಿ ಹೇಳಿದ್ದಕ್ಕಿಂತ ದಪ್ಪ ತಂತಿ ಹಾಕಿ, ಮುಂಬಲಗೆ ಉಬ್ಬಿತೆಂದು ಗಿಟಾರನ್ನು ವಾಪಸು ತರುತ್ತಿದ್ದರು. ರಿಪೇರಿಯ ಹೊರೆ ತಗ್ಗಿಸಲು ಕಾರ್ಖಾನೆ ಕಂಡುಕೊಂಡ ದಾರಿ ಇದು. ಅದೇ ಆಸುಪಾಸಿನಲ್ಲಿ ಕೆಂಪು ಸ್ಪ್ರೂಸಿನ ದೊಡ್ಡ ಮರಗಳು ಸಿಗದಾಗಿ, ಪೆಸಿಫಿಕ್ ಕರಾವಳಿಯ ಸಿಟ್ಕಾ ಸ್ಪ್ರೂಸ್ ಬಳಕೆಗೆ ಬಂತು. ಡಿ-28ರ ಅಂಚಿಗೆ ಸುತ್ತುತ್ತಿದ್ದ ಮೀನಿನ ಮುಳ್ಳಿನಾಕಾರದ ಹೆರಿಂಗ್‌ಬೋನ್ ಪಟ್ಟಿ ಜರ್ಮನಿಯಿಂದ ಬರಬೇಕಿತ್ತು. ದಾಸ್ತಾನು ಮುಗಿದ ಮೇಲೆ, 1947ರ ಹೊತ್ತಿಗೆ, ಅದರ ಜಾಗಕ್ಕೆ ಕಪ್ಪು-ಬಿಳುಪಿನ ಸಾದಾ ಅಂಚು ಬಂತು.

ಹೆರಿಂಗ್‌ಬೋನ್‌ಗೆ ನಾದದ ಜೊತೆ ಯಾವ ಸಂಬಂಧವೂ ಇಲ್ಲ. ಆದರೂ ಹೊರಗಿನಿಂದಲೇ ಕಾಣುವ ಗುರುತಾದ್ದರಿಂದ, ಯುದ್ಧಪೂರ್ವದ ಹಗುರ ಕಟ್ಟಡಕ್ಕೆ ಅದೇ ಚಿಹ್ನೆಯಾಯಿತು. ಇಲ್ಲೊಂದು ಸಂದು ಉಳಿದಿದೆ: 1944ರ ಕೊನೆಯಿಂದ 1947ರವರೆಗಿನ ಡಿ-28ಗಳಲ್ಲಿ ಹೊರಗೆ ಹೆರಿಂಗ್‌ಬೋನ್ ಇರುತ್ತದೆ, ಒಳಗೆ ಕೆತ್ತಿದ ಪಟ್ಟಿ ಇರುವುದಿಲ್ಲ. ಕಿಂಡಿಯೊಳಗೆ ಸಣ್ಣ ಕನ್ನಡಿ, ದೀಪ ಹಿಡಿದು ನೋಡುವ ಪದ್ಧತಿ ಇಂಥ ಕಡೆ ಕೆಲಸಕ್ಕೆ ಬರುತ್ತದೆ.

ಗಿರಾಕಿಗಳಿಗೆ ಈ ವ್ಯತ್ಯಾಸ ಕಿವಿಗೆ ಬಿದ್ದದ್ದು ಬ್ಲೂಗ್ರಾಸ್ ಮತ್ತು ಜಾನಪದ ಸಂಗೀತದ ಹೊಸ ಅಲೆಯಲ್ಲಿ. ಪಿಟೀಲು, ಬ್ಯಾಂಜೊಗಳ ನಡುವೆ ಗಿಟಾರು ಕೇಳಿಸಬೇಕಾದರೆ ಜೋರು ನಾದ ಬೇಕಿತ್ತು. ಹಳೆಯ ಡಿ-28ಗಳು ಅದನ್ನು ಕೊಡುತ್ತಿದ್ದವು. 1957ರಲ್ಲಿ ಇಜ್ಜಿ ಯಂಗ್ ನ್ಯೂಯಾರ್ಕಿನ ಗ್ರೀನ್‌ವಿಚ್ ವಿಲೇಜಿನಲ್ಲಿ ಫೋಕ್‌ಲೋರ್ ಸೆಂಟರ್ ಎಂಬ ಜಾನಪದ ಸಂಗೀತದ ಅಂಗಡಿ ತೆರೆದರು. ಮರುವರ್ಷ ಕಿಂಗ್‌ಸ್ಟನ್ ಟ್ರಯೋ ತಂಡದ ಹಾಡು ದೇಶವನ್ನೇ ಆವರಿಸಿತು, ಕಾಲೇಜು ಹುಡುಗರೆಲ್ಲ ಗಿಟಾರು ಹುಡುಕಿದರು. ಮಾರ್ಟಿನ್ ಕಾರ್ಖಾನೆಗೆ ಬೇಡಿಕೆ ಪೂರೈಸಲಾಗಲಿಲ್ಲ; ಹೊಸ ಗಿಟಾರಿಗೆ ವರ್ಷಗಟ್ಟಲೆ ಕಾಯಬೇಕಾಯಿತು. ಜನ ಗಿರವಿ ಅಂಗಡಿಗಳ ಗೋಡೆ ನೋಡತೊಡಗಿದ್ದು ಆಗ.

ಆ ಕಾಲದ ಖರೀದಿಗಳಲ್ಲಿ ಹೆಚ್ಚು ಹೆಸರಾದದ್ದು ಕ್ಲಾರೆನ್ಸ್ ವೈಟ್ ಅವರದು. ಹದಿಹರೆಯದ ಆ ವಾದಕ 1959ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ 1935ರ ಡಿ-28 ಒಂದನ್ನು ಸುಮಾರು 35 ಡಾಲರಿಗೆ ಕೊಂಡರು. ಅಷ್ಟು ಅಗ್ಗವಾಗಲು ಕಾರಣವಿತ್ತು: ಅದರ ಕಿಂಡಿಯನ್ನು ಯಾರೋ ಕೊರೆದು ಅಗಲ ಮಾಡಿದ್ದರು, ಗಿಟಾರು ಜೀರ್ಣವಾಗಿತ್ತು. ಮುಂದೆ ಅದಕ್ಕೆ ಬೇರೆ ಕಂಪನಿಯ ಫಿಂಗರ್‌ಬೋರ್ಡನ್ನೂ ಕೂರಿಸಿದರು. ವೈಟ್ 1973ರಲ್ಲಿ ಅಪಘಾತದಲ್ಲಿ ತೀರಿಕೊಂಡರು. 1975ರಲ್ಲಿ ಬ್ಲೂಗ್ರಾಸ್ ವಾದಕ ಟೋನಿ ರೈಸ್ ಆ ಗಿಟಾರನ್ನು ಪತ್ತೆಹಚ್ಚಿ 550 ಡಾಲರಿಗೆ ಕೊಂಡು, 2020ರಲ್ಲಿ ತಾವು ತೀರಿಹೋಗುವವರೆಗೂ ಇಟ್ಟುಕೊಂಡರು. ವ್ಯಾಪಾರಿಯ ತಕ್ಕಡಿಯಲ್ಲಿ ಹಾಳಾದ ಸಾಮಾನು ಎನಿಸುವಂಥ ಈ ವಾದ್ಯ ಬ್ಲೂಗ್ರಾಸ್ ಗಿಟಾರಿನ ನಾದಕ್ಕೇ ಮಾನದಂಡವಾಯಿತು. ಮೂಲರೂಪ ಉಳಿದಿರುವುದು ಬೆಲೆಯ ವಿಷಯ, ನಾದದ ವಿಷಯವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇರೆ ಬೇಕಿಲ್ಲ.

1970ರಲ್ಲಿ ಜಾರ್ಜ್ ಗ್ರೂನ್ ನ್ಯಾಶ್‌ವಿಲ್‌ನಲ್ಲಿ ಹಳೆಯ ಗಿಟಾರುಗಳ ಅಂಗಡಿ ಹಾಕಿದರು. 1971ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ಅಂಥದೇ ಮ್ಯಾಂಡೊಲಿನ್ ಬ್ರದರ್ಸ್ ಅಂಗಡಿ ಶುರುವಾಯಿತು. ಗ್ರೂನ್ ಓದಿದ್ದು ಪ್ರಾಣಿಶಾಸ್ತ್ರ, ಅಪಾರ ಆಸಕ್ತಿ ಇದ್ದದ್ದು ಹಾವುಗಳಲ್ಲಿ. ಜೀವಿಗಳನ್ನು ಕುಲ, ಜಾತಿ ಎಂದು ವಿಂಗಡಿಸುವ ಆ ಶಾಸ್ತ್ರದ ಕ್ರಮವನ್ನೇ ಅವರು ಗಿಟಾರುಗಳಿಗೂ ಅನ್ವಯಿಸಿದರು: ಅಂಚು ಹೇಗಿದೆ, ಬ್ರಿಜ್ಜಿನ ಆಕಾರವೇನು, ಶ್ರುತಿಬಿರಡೆ ಯಾವುದು, ಚಿಪ್ಪಿನ ಚುಕ್ಕೆಗಳು ಎಲ್ಲಿವೆ ಎಂದು ವರ್ಷವಾರು ದಾಖಲಿಸಿದರು. ವಾಲ್ಟರ್ ಕಾರ್ಟರ್ ಜೊತೆ ಸೇರಿ 1991ರಲ್ಲಿ ಪ್ರಕಟಿಸಿದ ಅವರ ಕೈಪಿಡಿ ಈ ವ್ಯಾಪಾರದ ಆಧಾರಗ್ರಂಥ. ಅದಕ್ಕೂ ಮೊದಲೇ, 1975ರಲ್ಲಿ, ಮೈಕ್ ಲಾಂಗ್‌ವರ್ತ್ ಮಾರ್ಟಿನ್ ಕಂಪನಿಯ ಚರಿತ್ರೆ ಬರೆದಿದ್ದರು. ಸಾದಾ ಡಿ-28ಗಳಿಗೆ ಚಿಪ್ಪಿನ ಕುಸುರಿ ಹಾಕಿ ಡಿ-45ರಂತೆ ಮಾಡಿಕೊಡುತ್ತಿದ್ದ ಲಾಂಗ್‌ವರ್ತ್ ಅವರನ್ನು ಕಂಪನಿ 1968ರಲ್ಲಿ ತನ್ನಲ್ಲಿಗೇ ಕರೆಸಿಕೊಂಡಿತು. ಇಪ್ಪತ್ತಾರು ವರ್ಷ ನಿಂತಿದ್ದ ಡಿ-45ರ ತಯಾರಿಕೆ ಅದೇ ವರ್ಷ ಮತ್ತೆ ಶುರುವಾಯಿತು.

ಈ ಚರಿತ್ರೆಯಲ್ಲಿ ಕರ್ನಾಟಕದ ಕಾಡು ಪ್ರವೇಶಿಸುವುದು ಇಲ್ಲೇ. ಅಲ್ಲಿಯವರೆಗೆ ಡಿ-28ರ ಬೆನ್ನು, ಪಕ್ಕೆಗಳಿಗೆ ಬಳಸುತ್ತಿದ್ದದ್ದು ಬ್ರೆಜಿಲ್ ದೇಶದ ಬೀಟೆ. ಒಳ್ಳೆಯ ದಿಮ್ಮಿ ಅಪರೂಪವಾಗುತ್ತ ಬಂದಾಗ ಮಾರ್ಟಿನ್ 1965ರಲ್ಲಿ ಡಿ-35 ಎಂಬ ಮಾದರಿ ತಂದಿತು. ಅಗಲ ಹಲಗೆ ಸಿಗದ್ದರಿಂದ ಅದರ ಬೆನ್ನನ್ನು ಎರಡರ ಬದಲು ಮೂರು ತುಂಡು ಜೋಡಿಸಿ ಮಾಡಿದರು. ದಶಕದ ಕೊನೆಗೆ ಬ್ರೆಜಿಲ್ ದಿಮ್ಮಿಗಳ ರಫ್ತನ್ನು ತಡೆಯಿತು. 1969ರ ಕೊನೆಯಿಂದ ಮಾರ್ಟಿನ್ ಕಾರ್ಖಾನೆ ಭಾರತದ ಬೀಟೆಗೆ ಹೊರಳಿತು. ಇದು ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡದ ಕಾಡುಗಳಲ್ಲೂ ಕಾಫಿ ತೋಟದ ನೆರಳಿನ ಸಾಲಿನಲ್ಲೂ ಬೆಳೆಯುವ, ಕೇರಳ ಮತ್ತು ನೀಲಗಿರಿಯಲ್ಲೂ ಸಿಗುವ ಮರ. ಮೈಸೂರಿನ ಕೆತ್ತನೆಗಾರರು ಚಿತ್ರ ಕೂರಿಸುವುದು ಇದೇ ಬೀಟೆಯ ಹಲಗೆಯಲ್ಲಿ. ಬ್ರೆಜಿಲ್ ಬೀಟೆಯಲ್ಲಿ ಕಪ್ಪು ಗೆರೆಗಳು ಸುರುಳಿ ಸುತ್ತಿ ಹರಿಯುತ್ತವೆ, ಕಂದು ಬಣ್ಣ ಕೆಂಪಿಗೆ ತಿರುಗಿರುತ್ತದೆ. ಭಾರತದ್ದು ನೇರ ಎಳೆಯದು, ನೇರಳೆ ಬೆರೆತ ಕಂದು. ಅದು ಸೀಳುವುದು ಕಡಿಮೆ, ಹವೆಯ ಏರಿಳಿತಕ್ಕೆ ಅಷ್ಟಾಗಿ ಅಂಕುಡೊಂಕಾಗುವುದಿಲ್ಲ. ಕಳೆದ ಅರ್ಧ ಶತಮಾನದಲ್ಲಿ ಪ್ರಪಂಚದ ಎಷ್ಟೋ ಒಳ್ಳೆಯ ಗಿಟಾರುಗಳ ಬೆನ್ನು, ಪಕ್ಕೆಗಳು ಪಶ್ಚಿಮಘಟ್ಟದ ಈ ಮರದಿಂದ ಆದವು ಎಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ, ಜೊತೆಗೇ ಆ ಮರದ ಅಳಿವು ಉಳಿವಿನ ಬಗ್ಗೆ ಚಿಂತಿಸಬೇಕಾದ ಸಂಗತಿಯೂ ಹೌದು.

ಮಾರುಕಟ್ಟೆ ಮಾತ್ರ 1969ನ್ನು ಗಡಿರೇಖೆ ಮಾಡಿಕೊಂಡಿತು. ಗಡಿಯ ಆಚೆಗಿನ ಡಿ-28ಕ್ಕೆ ಈಚೆಗಿನದಕ್ಕಿಂತ ಬೆಲೆ ಎಷ್ಟೋ ಹೆಚ್ಚು. ಇದಕ್ಕೆ ನಾದದ ಆಧಾರ ಇದೆಯೇ ಎಂದು ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆನ್ನು, ಪಕ್ಕೆಯ ಮರವೊಂದನ್ನು ಬಿಟ್ಟು ಮಿಕ್ಕೆಲ್ಲ ಒಂದೇ ಬಗೆಯಾಗಿದ್ದ ಆರು ಗಿಟಾರುಗಳನ್ನು 52 ವಾದಕರ ಕೈಗೆ ಕೊಟ್ಟರು. ಮರ ಕಾಣದಂತೆ ಮಂದ ಬೆಳಕು, ಕಣ್ಣಿಗೆ ವೆಲ್ಡಿಂಗ್ ಕನ್ನಡಕ. ಬ್ರೆಜಿಲ್ ಬೀಟೆ, ಭಾರತದ ಬೀಟೆ, ಮಹಾಗನಿ, ಮೇಪಲ್, ಸಪೇಲಿ, ವಾಲ್‌ನಟ್ ಆರಕ್ಕೂ ಸಿಕ್ಕ ಅಂಕಗಳು ಹೆಚ್ಚುಕಡಿಮೆ ಒಂದೇ. ಬ್ರೆಜಿಲ್ ಬೀಟೆಗೆ ಕೊಡುವ ಹೆಚ್ಚಿನ ಹಣ ಅದರ ಅಪೂರ್ವತೆಗೆ, ಅಂದಕ್ಕೆ ಕೊಟ್ಟದ್ದು.

ಹೊಸ ಮರದ ಜೊತೆ ಹೊಸ ಕಾಲದ ಅಭ್ಯಾಸಗಳೂ ಬಂದವು. 1971ರಲ್ಲಿ ಮಾರ್ಟಿನ್ 22,000ಕ್ಕೂ ಹೆಚ್ಚು ಗಿಟಾರು ತಯಾರಿಸಿತು. ದೂರುಗಳಿಗೆ ಹೆದರಿ ಬ್ರಿಜ್ಜಿನ ಅಡಿಯ ಪಟ್ಟಿಯನ್ನು 1960ರ ದಶಕದ ಕೊನೆಗೆ ಅಗಲ ಬೀಟೆಯ ತುಂಡಾಗಿ ಬದಲಿಸಿದ್ದರು. ಅದರಿಂದ ಹಲಗೆ ಗಟ್ಟಿಯಾಯಿತು, ನಾದ ಬಿಗಿಯಾಯಿತು. 1970ರ ದಶಕದ ಮಾರ್ಟಿನ್‌ಗಳಿಗೆ ಮಾರುಕಟ್ಟೆಯಲ್ಲಿ ಹೆಚ್ಚು ಗೌರವವಿಲ್ಲದಿರುವುದಕ್ಕೆ ಇದೊಂದು ಕಾರಣ. ಕಂಪನಿಯೂ ಹಳೆಯದರ ಬೆಲೆ ಅರಿತು 1976ರಲ್ಲಿ ಎಚ್‌ಡಿ-28 ತಂದಿತು: ಹೆರಿಂಗ್‌ಬೋನ್ ಮರಳಿತು, ಕೆತ್ತಿದ ಪಟ್ಟಿಗಳೂ ಮರಳಿದವು. ಅಂದಿನಿಂದ ಹಳೆಯದನ್ನು ಕೊಳ್ಳುವವರ ಮುಂದೆ ಹಳೆಯ ರೀತಿಯಲ್ಲೇ ಮಾಡಿದ ಹೊಸದೂ ಒಂದು ಆಯ್ಕೆಯಾಗಿ ನಿಂತಿದೆ.

ಖರೀದಿಯ ಸೋಲು ಗೆಲುವು ಹೆಚ್ಚಾಗಿ ತೀರ್ಮಾನವಾಗುವುದು ನೆಕ್ಕಿನಲ್ಲಿ. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ನೆಕ್ಕಿನೊಳಗೆ ತಿರುಗಿಸಿ ಸರಿಪಡಿಸಬಹುದಾದ ಉಕ್ಕಿನ ಸಲಾಕೆಯನ್ನು 1920ರ ದಶಕದಲ್ಲೇ ರೂಪಿಸಿದ್ದರು. ಮಾರ್ಟಿನ್ ಅದನ್ನು ಒಪ್ಪಿಕೊಂಡದ್ದು 1985ರಲ್ಲಿ. ಅದಕ್ಕೂ ಮುಂಚಿನ ಮಾರ್ಟಿನ್‌ಗಳಲ್ಲಿ 1934ರಿಂದ 1967ರವರೆಗೆ ಇಂಗ್ಲಿಷಿನ ಟಿ ಅಕ್ಷರದಾಕಾರದ ಉಕ್ಕಿನ ಪಟ್ಟಿ, ಉಕ್ಕಿಗೆ ಬರವಿದ್ದ ಯುದ್ಧಕಾಲದಲ್ಲಿ ಎಬೊನಿ ಮರದ ಪಟ್ಟಿ, 1967ರ ನಂತರ ಚೌಕ ಕೊಳವೆ. ಯಾವುದನ್ನೂ ಹೊರಗಿನಿಂದ ತಿರುಗಿಸಲಾಗದು. ಸಲಾಕೆ ಇದ್ದರೂ ಇಲ್ಲದಿದ್ದರೂ, ದಶಕಗಳ ಎಳೆತಕ್ಕೆ ಒಡಲು ಕುಸಿದು ನೆಕ್ಕು ಮುಂದಕ್ಕೆ ಬಾಗುತ್ತದೆ, ತಂತಿ ಫ್ರೆಟ್ಟಿನಿಂದ ಮೇಲೇಳುತ್ತದೆ. ತಾತ್ಕಾಲಿಕ ಪರಿಹಾರವಾಗಿ ಬ್ರಿಜ್ಜಿನ ಮೇಲಿನ ಮೂಳೆಯನ್ನು ಉಜ್ಜಿ ತಗ್ಗಿಸುತ್ತಾರೆ. ಅದೂ ಸವೆದು ಮುಗಿದ ಮೇಲೆ ಉಳಿಯುವುದು ನೆಕ್ಕನ್ನು ಬಿಚ್ಚಿ ಮತ್ತೆ ಕೂರಿಸುವ ಕೆಲಸ: ಒಂದು ಫ್ರೆಟ್ ಕಿತ್ತು, ಸಂದಿನಲ್ಲಿ ರಂಧ್ರ ಕೊರೆದು, ಹಬೆ ಹಾಯಿಸಿ ಸರೇಸನ್ನು ಕರಗಿಸಿ, ಬುಡವನ್ನು ಓರೆ ಕತ್ತರಿಸಿ ಕೂರಿಸಬೇಕು. ಇದಕ್ಕೆ ನೂರಾರು ಡಾಲರ್ ಬೇಕು, ಪಳಗಿದ ಕೈಯೂ ಬೇಕು. ಪರೀಕ್ಷೆ ಮಾತ್ರ ಸುಲಭ. ಫ್ರೆಟ್ಟುಗಳ ಮೇಲೆ ಉದ್ದನೆಯ ನೇರ ಪಟ್ಟಿ ಇಟ್ಟರೆ ಅದರ ತುದಿ ಬ್ರಿಜ್ಜಿನ ಮೇಲ್ಮೈಗೆ ಬರಬೇಕು. ಅದಕ್ಕಿಂತ ಕೆಳಗೆ ಬ್ರಿಜ್ಜಿನ ಮರಕ್ಕೆ ತಾಗಿದರೆ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು.

ಮಿಕ್ಕ ತಪಾಸಣೆಗಳೂ ರಿಪೇರಿ ಮಾಡುವವರ ಮೇಜಿನಿಂದಲೇ ಬಂದವು. ಬ್ರಿಜ್ಜಿನ ಹಿಂದೆ ಹಲಗೆ ಸ್ವಲ್ಪ ಉಬ್ಬಿರುವುದು ದೋಷವಲ್ಲ, ಕಿಂಡಿಯ ಬಳಿ ಕುಸಿದಿದ್ದರೆ ಎಚ್ಚರ ಬೇಕು. ಹಳೆಯ ಸೆಲ್ಯುಲಾಯ್ಡ್ ಪಿಕ್‌ಗಾರ್ಡನ್ನು ಬರಿಯ ಮರಕ್ಕೇ ಅಂಟಿಸುತ್ತಿದ್ದರು. ಅದು ಕಾಲಕ್ರಮೇಣ ಕುಗ್ಗುತ್ತ ಹಲಗೆಯನ್ನೂ ಎಳೆದು ಪಕ್ಕದಲ್ಲಿ ಸೀಳು ಬಿಡುತ್ತದೆ. ಸೀಳನ್ನು ಚೆನ್ನಾಗಿ ಅಂಟಿಸಿದ್ದರೆ ಬಾರಿಸಲು ಅಡ್ಡಿಯಿಲ್ಲ. ಮೂಲ ಪಾಲಿಶನ್ನು ಉಜ್ಜಿ ಹೊಸದು ಬಳಿದಿದ್ದರೆ ಬೆಲೆ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ವ್ಯಾಪಾರದ ರೂಢಿ. ಇದನ್ನು ಪತ್ತೆಹಚ್ಚಲು ನೇರಳಾತೀತ ದೀಪ ಹಿಡಿಯುತ್ತಾರೆ. ಹಳೆಯ ನೈಟ್ರೋಸೆಲ್ಯುಲೋಸ್ ಲೇಪ ಆ ಬೆಳಕಿಗೆ ಮಂದವಾಗಿ ಹೊಳೆಯುತ್ತದೆ.

ಬೆಲೆ ಎರಡು ದಾರಿಯಲ್ಲಿ ಏರಿತು. ಯುದ್ಧಪೂರ್ವದ ಡಿ-45ಗಳು ಲಕ್ಷಗಟ್ಟಲೆ ಡಾಲರಿಗೆ ಹೋಗುವುದು ಅವುಗಳ ಸಂಖ್ಯೆ 91 ಎಂಬ ಕಾರಣಕ್ಕೆ. ಇನ್ನೊಂದು ದಾರಿ ನುಡಿಸಿದವರ ಹೆಸರಿನದು. ಎರಿಕ್ ಕ್ಲ್ಯಾಪ್ಟನ್ ಅವರ 1939ರ 000-42 ಮಾದರಿ 2004ರಲ್ಲಿ 7,91,500 ಡಾಲರಿಗೆ ಹರಾಜಾಯಿತು. ಕರ್ಟ್ ಕೊಬೇನ್ ನುಡಿಸಿದ 1959ರ ಡಿ-18ಇ 2020ರಲ್ಲಿ 60 ಲಕ್ಷ ಡಾಲರ್ ದಾಟಿತು. ಈ ಅಂಕಿಗಳು ಸಾಮಾನ್ಯ ಗಿರಾಕಿಗೆ ದಾರಿ ತೋರಿಸುವುದಿಲ್ಲ.

ಬಾರಿಸಲೆಂದು ಕೊಳ್ಳುವವರಿಗೆ ದಾರಿ ತೋರಿಸುವುದು ಈ ಚರಿತ್ರೆಯ ಮಧ್ಯದ ಅಧ್ಯಾಯಗಳು. ಪಾಲಿಶ್ ಬದಲಾದ, ಸೀಳು ಅಂಟಿಸಿದ, ನೆಕ್ಕನ್ನು ಸರಿಯಾಗಿ ಕೂರಿಸಿದ 1950ರ ದಶಕದ ಡಿ-18 ಸಂಗ್ರಾಹಕರಿಗೆ ಬೇಡ. ಅದೇ ಕಾರಣಕ್ಕೆ ವಾದಕರಿಗೆ ಅದು ಒಳ್ಳೆಯ ಖರೀದಿ. 1970ರ ದಶಕದ ಡಿ-28, ಬ್ರಿಜ್ಜಿನಡಿಯ ಪಟ್ಟಿಯನ್ನು ಸಣ್ಣದಕ್ಕೆ ಬದಲಿಸಿದ್ದರೆ, ಇನ್ನೂ ಕೈಗೆಟುಕುವ ಬೆಲೆಯ ಒಳ್ಳೆಯ ವಾದ್ಯ. ಅಮೆರಿಕದಲ್ಲಿ ಕೊಂಡು ಭಾರತಕ್ಕೆ ತರುವವರು ಕಾನೂನನ್ನೂ ನೋಡಬೇಕು. ಬ್ರೆಜಿಲ್ ಬೀಟೆ 1992ರಿಂದ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಒಂದನೆಯ ಪಟ್ಟಿಯಲ್ಲಿದೆ. ಪ್ರಮಾಣಪತ್ರವಿಲ್ಲದೆ ಅದರ ವ್ಯಾಪಾರ ಗಡಿ ದಾಟುವಂತಿಲ್ಲ. ಭಾರತದ ಬೀಟೆ 2017ರ ಜನವರಿಯಲ್ಲಿ ಎರಡನೆಯ ಪಟ್ಟಿ ಸೇರಿತಾದರೂ, ತಯಾರಾದ ವಾದ್ಯಗಳಿಗೆ 2019ರ ನವೆಂಬರ್ 26ರಿಂದ ವಿನಾಯಿತಿ ಇದೆ. ಮಹಾಗನಿಯ ಡಿ-18ಕ್ಕೆ ಇದಾವುದೂ ಅನ್ವಯಿಸದೆಂದು ಹಲವರು ತಿಳಿಯುತ್ತಾರೆ. ಆದರೆ 1969ಕ್ಕೆ ಮುಂಚಿನ ಡಿ-18ರ ತಲೆಯ ಮೇಲಿನ ತೆಳು ಹಾಳೆ, 1940ರ ದಶಕದ ಕೊನೆಯಿಂದೀಚೆಗಿನವುಗಳ ಬ್ರಿಜ್ಜು, ಫಿಂಗರ್‌ಬೋರ್ಡು ಇವೆಲ್ಲ ಬ್ರೆಜಿಲ್ ಬೀಟೆಯವೇ. ಅವಕ್ಕೂ ಪ್ರಮಾಣಪತ್ರ ಬೇಕು.